ತಲೆಯ ಮೇಲಿನ ಹಳದಿ ಹಗ್ಗ

ಹಾಲು ಉಕ್ಕುತ್ತಿತ್ತು. ಕೆಂಪರಾಜುವಿನ ಬಲಗೈ ಸ್ಟವ್ ಕಡೆ ಹೋಗದೆ ನೆತ್ತಿಯ ಮೇಲಕ್ಕೆ ಹೋಗಿ, ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಎಳೆಯಿತು.

"ಅಲ್ಲೇನ್ ಗಂಟೆ ಕಟ್ಟವ್ರಾ?" ಹೆಂಡತಿ ಲತಾಮಣಿ ಗ್ಯಾಸ್ ಆರಿಸಿದಳು. "ಮೊನ್ನೆ ಸೊಳ್ಳೆಪರದೆ ಎಳ್ದು ಕೆಡವಿದ್ರಿ. ನಾಳೆ ನನ್ ಜಡೆ ಎಳ್ದೀರ."

"ನಾನ್ ಎಳೀಲಿಲ್ಲ ಕಣೆ. ಕೈ ಎಳೀತು" ಎಂದ ಕೆಂಪರಾಜು, ಯಾರದ್ದೋ ಕೈ ಎಂಬಂತೆ ಅದನ್ನು ತಿರುಗಿಸಿ ನೋಡುತ್ತ.

ಅವನು ಬೈರಮಂಗಲದಿಂದ ಬಿಡದಿಯ ಕಾರ್ಖಾನೆಗೆ ಹೋಗಿಬರುವುದು ಕಾರಿನ ಸೀಟು ಜೋಡಿಸುವ ಕೆಲಸಕ್ಕೆ. ಅಲ್ಲಿ ಪ್ರತಿಯೊಬ್ಬನ ತಲೆಯ ಮೇಲೂ ಒಂದು ಹಳದಿ ಹಗ್ಗವಿದೆ. ಕೆಲಸ ಕೈಮೀರಿದರೆ ಎಳೆಯಬೇಕು. ಕಾರುಗಳು ಸಾಲಾಗಿ ಸಾಗುವ ಲೈನ್ ನಿಲ್ಲುತ್ತದೆ, ಒಂದು ಟ್ಯೂನ್ ಬರುತ್ತದೆ, ಯಾರಾದರೂ ಸಹಾಯಕ್ಕೆ ಬರುತ್ತಾರೆ. ನಿಯಮವೇನೋ ಹಾಗೆ. ಆದರೆ ರಿಟೈರ್ ಆಗುವ ವಯಸ್ಸಿನವನು ಎಳೆದರೆ ಅವನನ್ನು ಬಿಡಿಭಾಗ ಇಡುವ ಸ್ಟೋರಿಗೆ ಕಳಿಸುತ್ತಾರೆ. ಮುನಿಶಾಮಯ್ಯ ಹೋದದ್ದು ಹಾಗೆಯೇ. ಲೈನಿನವರನ್ನೆಲ್ಲ ನಗಿಸುತ್ತಿದ್ದವನು ಈಗ ಮಾಡಲು ಏನೂ ಇಲ್ಲದೆ ಗೋಡೆ ನೋಡುತ್ತ ಕೂರುತ್ತಾನೆ. ಕ್ಯಾಂಟೀನಿನಲ್ಲಿ "ಊಟ ಆಯ್ತಾ?" ಎಂದರೂ ಒಂದು ಗಳಿಗೆ ಯೋಚಿಸಿ ಉತ್ತರ ಕೊಡುತ್ತಾನೆ. ಅದಕ್ಕೇ ಕೆಂಪರಾಜು ಭುಜ ಎಷ್ಟು ನೊಂದರೂ ಹಲ್ಲು ಕಚ್ಚಿ ಸೀಟು ಎತ್ತುತ್ತಿದ್ದ. ಹಗ್ಗ ಮಾತ್ರ ಮುಟ್ಟಿರಲಿಲ್ಲ.

ಅಲ್ಲಿ ಎಳೆಯದ ಕೈ ಮನೆಯಲ್ಲಿ ಯಾಕೆ ಎಳೆಯುತ್ತದೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ನಿಜವಾದ ಹಗ್ಗ ಒಂದು ಸಲ ಸಿಕ್ಕರೆ ಸುಮ್ಮನಾದೀತೇ?

ಮಧ್ಯಾಹ್ನ ಸೀಟು ಎತ್ತುವಾಗ ಭುಜ ಚುಳ್ ಎಂದಿತು. ಕೈ ಮೇಲಕ್ಕೆ ಹೋಯಿತು. ಎಲ್ಲಿಗೆ ಹೋಗುತ್ತದೋ ಹೋಗಲಿ ಎಂದು ಬಿಟ್ಟ.

ಲೈನ್ ನಿಂತಿತು. ಟ್ಯೂನ್ ಶುರುವಾಯಿತು. ಬೇರೆಯವರು ಎಳೆದಾಗ ಎಷ್ಟೋ ಸಲ ಕೇಳಿದ್ದ. ತನಗಾಗಿ ಇದೇ ಮೊದಲು. ಐಸ್‌ಕ್ರೀಮ್ ಗಾಡಿ ಬಂದ ಹಾಗಿತ್ತು. ಕೈ ನೋಡಿಕೊಂಡ. ಏನೂ ಗೊತ್ತಿಲ್ಲದಂತೆ ಪಕ್ಕದಲ್ಲಿ ಇಳಿಬಿದ್ದಿತ್ತು.

ಸೂಪರ್‌ವೈಸರ್ ಅಶೋಕ್ ಓಡಿಬಂದ. "ಏನಾಯ್ತಣ್ಣ?"

"ಭುಜ ಹಿಡ್ಕಂಡೈತೆ. ಸೀಟ್ ಎತ್ತಕ್ಕೆ ಇನ್ನೊಬ್ರನ್ನ ಕೊಡಪ್ಪ. ಮಿಕ್ಕಿದ್ದೆಲ್ಲ ನಾನೇ ಮಾಡ್ತೀನಿ."

"ಈ ವಯಸ್ಸಲ್ಲಿ ಯಾಕಣ್ಣ ಒದ್ದಾಡ್ತೀರ? ಸ್ಟೋರಲ್ಲಿ ಮುನಿಶಾಮಣ್ಣನ ಪಕ್ಕ ಇನ್ನೊಂದ್ ಕುರ್ಚಿ ಐತೆ. ಅದೇ ಸಂಬಳ, ತಲೆ ಮೇಲೆ ಫ್ಯಾನು. ನಾಳೆಯಿಂದ ಆರಾಮಾಗಿ ಕೂತ್ಕಳಿ."

ಟ್ಯೂನ್ ಇನ್ನೂ ಬರುತ್ತಲೇ ಇತ್ತು. ಅಕ್ಕಪಕ್ಕದವರು ಸ್ಪ್ಯಾನರ್ ಹಿಡಿದುಕೊಂಡೇ ಇತ್ತ ನೋಡುತ್ತಿದ್ದರು.

"ನಾನ್ ಕೂರಾಕಿಲ್ಲ" ಎಂದ ಕೆಂಪರಾಜು.