ಅರವತ್ತು ಕಿಲೋ ಹೆಚ್ಚು

ಸಂಜೆ ನಾಲ್ಕು ನಲವತ್ತಕ್ಕೆ ಹರಪನಹಳ್ಳಿ ಊರಾಚೆಯ ವೇ ಬ್ರಿಡ್ಜ್ ಮೇಲೆ ಸರ್ಫರಾಜನ ಲಾರಿ ಅರವತ್ತು ಕಿಲೋ ಹೆಚ್ಚು ತೂಗಿತು.

ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಇದೇ ಕಾಟಾದ ಮೇಲೆ ಖಾಲಿ ಲಾರಿ 6,240 ಕಿಲೋ ಇತ್ತು. ಮಧ್ಯಾಹ್ನ ಕೂಡ್ಲಿಗಿಯಲ್ಲಿ ಮೆಕ್ಕೆಜೋಳದ ಕಾಳು ಬಿಡಿಸುವ ರಾಶಿ ಮಷಿನ್ ಹೇರಿ ಅಲ್ಲಿನ ಕಾಟಾದ ಮೇಲೆ ತೂಗಿದಾಗ 7,660. ಅಂದರೆ ಮಷಿನ್ 1,420. ಅದರ ತಗಡಿನ ಮೇಲೂ ಅಷ್ಟೇ ಬರೆದಿತ್ತು. ಅಲ್ಲಿಂದ ತಂಬ್ರಹಳ್ಳಿಗೆ ಹೋಗಿ 1961ರ ಫಿಯಟ್ ಕಾರೊಂದನ್ನು ಹಿಂದುಗಡೆ ಹತ್ತಿಸಿಕೊಂಡು ಬಂದಿದ್ದ. ಕಾರಿನ ಕಾಗದದಲ್ಲಿ 880 ಎಂದಿತ್ತು. ಕೂಡಿದರೆ 8,540 ಬರಬೇಕು. ಕಾಟಾ 8,600 ತೋರಿಸುತ್ತಿತ್ತು. ಪ್ರತಿ ತೂಕಕ್ಕೂ ಮೊದಲು ಟ್ಯಾಂಕ್ ತುಂಬಿಸಿದ್ದ. ಹಗ್ಗ, ಹಲಗೆ, ಮರದ ತುಂಡುಗಳು ಬೆಳಿಗ್ಗೆಯಿಂದಲೂ ಲಾರಿಯಲ್ಲೇ ಇದ್ದವು.

ಗುಲಫಶಾ ಚೀಟಿಯನ್ನು ಎರಡು ಸಲ ಓದಿ ತಮ್ಮನ ಕೈಗೆ ಕೊಟ್ಟಳು. ಲಾರಿ ಬುಕಿಂಗ್ ಆಫೀಸು ಅವಳದು, ಸ್ಟಿಯರಿಂಗ್ ಸರ್ಫರಾಜನದು. ಆರು ವರ್ಷದ ಹಿಂದೆ ಅವರ ಅಪ್ಪ ಗೌಸ್ ಪೀರ್ ಘಟ್ಟದ ತಿರುವಿನಲ್ಲಿ ಲಾರಿ ಸಮೇತ ಉರುಳಿ ಸತ್ತಿದ್ದರು. ಜೋಳದ ಚೀಲಗಳ ಅಡಿಯಲ್ಲಿ, ಬಿಲ್ಟಿ ಎಂಬ ಸರಕಿನ ರಸೀದಿಯಲ್ಲಿ ಇಲ್ಲದ ಒಂದು ಟನ್ ಕಬ್ಬಿಣವನ್ನು ಪಾರ್ಟಿಯವರು ಅಡಗಿಸಿದ್ದು ಆಮೇಲೆ ತಿಳಿಯಿತು. ಅಂದಿನಿಂದ ತೂಕ ಕೂಡದೆ ಗುಲಫಶಾ ಬಿಲ್ಟಿ ಬರೆದದ್ದಿಲ್ಲ. ಈಗ ತಮ್ಮ ಹೋಗಬೇಕಾದದ್ದು ಸಾತಾರಾಕ್ಕೆ. ದಾರಿಯಲ್ಲಿ ಘಟ್ಟವೂ ಇತ್ತು. ಹಳೇ ಕಾರುಗಳ ಹುಚ್ಚಿನ ಒಬ್ಬರು ಫಿಯಟ್ ಕೊಂಡಿದ್ದರು, ಅದೇ ಕಡೆಯ ರೈತನೊಬ್ಬ ಮಷಿನ್ ಕೊಂಡಿದ್ದ. ಇಬ್ಬರನ್ನೂ ಒಂದೇ ಲಾರಿಗೆ ಸೇರಿಸಿ ಬಾಡಿಗೆ ಹಂಚಿದವಳು ಅವಳೇ.

ಮೊದಲು ಕಾಟಾದ ಮೇಲೆ ಅನುಮಾನ ಬಂತು. ಕಾಟಾ ನೋಡಿಕೊಳ್ಳುವ ಕೊಟ್ರಸ್ವಾಮಿ ಮುಖ ಸಿಂಡರಿಸಿ, ಹಿಂದೆ ನಿಂತಿದ್ದ ಮೆಕ್ಕೆಜೋಳದ ಲಾರಿಯನ್ನು ತೂಗಿ ತೋರಿಸಿದ. ಅದು ತಾನು ತಂದಿದ್ದ ಕೂಡ್ಲಿಗಿ ಕಾಟಾದ ಚೀಟಿಗೆ ಸರಿಯಾಗಿ ಬಂತು. ಸರ್ಫರಾಜನ ಲಾರಿ ಮತ್ತೆ ಹತ್ತಿತು. 8,600.

ಆಮೇಲೆ ಕೊಟ್ರಸ್ವಾಮಿ ಕಿಟಕಿಯಿಂದ ತಲೆ ಹೊರಹಾಕಿ, ಲಾರಿಯಿಂದ ಎಲ್ಲರೂ ಇಳಿದಿದ್ದೀರೋ ಇಲ್ಲವೋ ಎಂದು ಕೇಳಿದ. ಸರ್ಫರಾಜ ನೆಲದ ಮೇಲೆ, ಅವನ ಎದುರಿಗೇ ನಿಂತಿದ್ದ. ಜೊತೆಗೆ ಬೇರೆ ಯಾರೂ ಬಂದಿರಲಿಲ್ಲ.

“ಹಂಗಂದ್ರ ಇಲ್ಲಿ ಬಂದು ನೋಡು, ಅಕ್ಕಾ,” ಎಂದ ಕೊಟ್ರಸ್ವಾಮಿ.

ಕೆಂಪು ಅಂಕಿಗಳು ನಿಂತಿರಲಿಲ್ಲ. 8,600. 8,605. 8,595. ಮತ್ತೆ 8,600. ಗಾಳಿ ಇರಲಿಲ್ಲ, ಪಕ್ಕದ ಬೇವಿನ ಮರದ ಎಲೆಯೂ ಅಲ್ಲಾಡುತ್ತಿರಲಿಲ್ಲ.

“ಸಾಮಾನಿದ್ರ ಅಂಕಿ ಕಲ್ಲಿನಂಗ ನಿಲ್ತೈತಿ. ಕುರಿ ಲಾರಿ ಹತ್ತಿದಾಗ ಹಿಂಗ ಆಡತೈತಿ. ಒಳಗ ಜೀವ ಇದ್ರ.”

ಸರ್ಫರಾಜ ಲಾರಿ ಹತ್ತಿ ಕಾರಿನ ನಾಲ್ಕೂ ಬಾಗಿಲು ತೆಗೆದ, ಡಿಕ್ಕಿ ತೆಗೆದ, ಸೀಟಿನಡಿ ಕೈಯಾಡಿಸಿದ. ಬೆಕ್ಕಿನ ಮರಿಯೂ ಇರಲಿಲ್ಲ. ಕೆಳಗಿಳಿದವನು ಬೇರೊಂದು ಮಾತು ತೆಗೆದ. ಕಾರಿನ ಯಜಮಾನ ಗುರುಸಂಗಪ್ಪ ನಲವತ್ತು ವರ್ಷ ಯಾರಿಗೂ ಸ್ಟಿಯರಿಂಗ್ ಮುಟ್ಟಲು ಬಿಟ್ಟವನಲ್ಲ, ಸತ್ತದ್ದೂ ಅದೇ ಸೀಟಿನಲ್ಲಿ ಎಂದು ಕಾರು ಹತ್ತಿಸುವಾಗ ಊರವರು ಹೇಳಿದ್ದರಂತೆ.

“ಮುದುಕ್ಯಾ ಸಾತಾರಾ ನೋಡಾಕ ಹೊಂಟಾನ ಬಿಡ್ರಿ,” ಎಂದ ಕೊಟ್ರಸ್ವಾಮಿ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಗುಲಫಶಾ ಗುರುಸಂಗಪ್ಪನ ಮಗಳು ಸುಕನ್ಯಾಗೆ ಫೋನ್ ಮಾಡಿದಳು. ಆಕೆ ಬೇಸರವಿಲ್ಲದೆ ಉತ್ತರಿಸಿದಳು. ಅಪ್ಪ ಸತ್ತದ್ದು ಕಾರಿನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಕೊನೆಗೆ ತೊಂಬತ್ತು ಕಿಲೋ ಇದ್ದರು. ಊರವರಿಗೆ ಕಥೆ ಬೇಕು, ಅಷ್ಟೇ. ಏನೇ ಆದರೂ ಕಾರು ವಾಪಸ್ ತರಬೇಡಿ, ಕೊಂಡವರು ಕಾಯುತ್ತಿದ್ದಾರೆ ಎಂದಳು.

ಆದರೂ ಕಾರನ್ನು ಇಳಿಸಿಯೇ ನೋಡಬೇಕಿತ್ತು. ಕಾಟಾದ ಹಿಂದೆ ಟ್ರ್ಯಾಕ್ಟರ್ ಹತ್ತಿಸುವ ಮಣ್ಣಿನ ದಿಬ್ಬವಿತ್ತು. ಲಾರಿಯನ್ನು ಅದಕ್ಕೆ ತಾಗಿಸಿ, ಹಲಗೆ ಹಾಸಿ, ನಾಲ್ವರು ಹಮಾಲರ ಕೈಯಲ್ಲಿ ಫಿಯಟ್ಟನ್ನು ಹಿಂದಕ್ಕೆ ತಳ್ಳಿಸಿದರು. ಐದು ಇಪ್ಪತ್ತಕ್ಕೆ ಮಷಿನ್ ಒಂದನ್ನೇ ಹೊತ್ತ ಲಾರಿ ಮತ್ತೆ ಕಾಟಾದ ಮೇಲೆ ಬಂತು. ಬರಬೇಕಾದದ್ದು 7,660.

7,720 ಬಂತು. 7,725. 7,715. 7,720.

ಗುಲಫಶಾ ಬಹಳ ಹೊತ್ತು ಮಷಿನ್ ಕಡೆ ನೋಡಿದಳು. ಎರಡು ಆಳೆತ್ತರದ ಹಳೇ ಮಷಿನ್. ಮೈಯೆಲ್ಲ ತುಕ್ಕು ಕಂದು. ತೆನೆ ಸುರಿಯುವ ಬಾಯಿಯ ಕಡೆ ಮಾತ್ರ ಹೊಸ ಹಸಿರು ಬಣ್ಣ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಡಿಗೆ ಕುದುರಿಸುವ ಅವಸರದಲ್ಲಿ ತಾನು ಕೇಳಬೇಕಾದ ಒಂದು ಪ್ರಶ್ನೆ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಇದು ನವೆಂಬರ್. ಸುತ್ತಲಿನ ತಾಲ್ಲೂಕುಗಳ ಡಾಂಬರು ರಸ್ತೆಯ ಮೇಲೆಲ್ಲ ಮೆಕ್ಕೆಜೋಳ ಒಣಗುತ್ತಿದೆ, ರಾಶಿ ಮಷಿನ್‌ಗಾಗಿ ರೈತರು ಸರದಿ ಕಾಯುತ್ತಿದ್ದಾರೆ. ವರ್ಷದ ದುಡಿಮೆಯೆಲ್ಲ ಈ ಎರಡು ತಿಂಗಳಲ್ಲಿ. ನಡುಸುಗ್ಗಿಯಲ್ಲಿ ಯಾರೂ ಮಷಿನ್ ಮಾರುವುದಿಲ್ಲ.

ಮಾರುವುದು ಒಂದೇ ಸಂದರ್ಭದಲ್ಲಿ. ಅದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆಳು ತಿಂದ ಮಷಿನ್ನನ್ನು ಸುತ್ತಲ ಯಾವ ಕಣದವರೂ ಕರೆಯುವುದಿಲ್ಲ. ಬಣ್ಣ ಬಳಿದು ಹೊರಸೀಮೆಗೆ ಕಳಿಸುತ್ತಾರೆ.

ಮಷಿನ್ ಮಾರಿದ ಕೂಡ್ಲಿಗಿಯ ಸಿದ್ದಲಿಂಗನ ನಂಬರಿಗೆ ಫೋನ್ ಹಚ್ಚಿ, ಅವಳು ನೇರವಾಗಿ ಕೇಳಿದಳು: “ಸುಗ್ಗ್ಯಾಗ ಯಾಕ ಮಾರಿದ್ರಿ, ಅಣ್ಣಾರ?”

ಆ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಸಿದ್ದಲಿಂಗ ಮೆಲ್ಲಗೆ, “ಅರವತ್ತು ಹೆಚ್ಚು ಬಂತೇನ್ರಿ?” ಎಂದ.

ಅವಳು ತೂಕದ ಸುದ್ದಿ ಎತ್ತಿರಲೇ ಇಲ್ಲ.

ಉಳಿದದ್ದನ್ನು ಅವನು ತಡೆದು ತಡೆದು ಹೇಳಿದ. ಹದಿನೇಳು ದಿನದ ಹಿಂದೆ, ತಂಬ್ರಹಳ್ಳಿಯ ರಸ್ತೆ ಬದಿಯ ಕಣ. ತೆನೆ ಹಾಕುತ್ತಿದ್ದ ಮಾಳಮ್ಮ ಎಂಬ ಹೆಂಗಸಿನ ಸೆರಗು ಸಿಕ್ಕಿಕೊಂಡಿತು. ಸ್ಟೇಷನ್‌ನಲ್ಲಿ ಬರೆಸಿದ್ದಾಯಿತು, ಮನೆಯವರ ಜೊತೆ ಮಾತೂ ಮುಗಿಯಿತು. ಮಷಿನ್ ಕೂಡ್ಲಿಗಿಯಲ್ಲಿರುವಷ್ಟು ದಿನ ಸುಮ್ಮನಿತ್ತು. ನಡುವೆ ಒಂದು ಸಲ ರಿಪೇರಿಗೆಂದು ಟ್ರೇಲರ್ ಮೇಲೆ ತಂಬ್ರಹಳ್ಳಿ ದಾಟಿಸಿ ಒಯ್ದಾಗ ಮಾತ್ರ ತೂಕ ಏರಿತು.

“ಅದಕ್ಕ ನಿಮಗ ಕೊಟ್ಟೂರು ಮ್ಯಾಲೆ ಕಳಸ್ರಿ ಅಂದಿದ್ದೆ, ಅಕ್ಕಾರ. ಆಕಿ ಅಲ್ಲಿ ಹತ್ತತಾಳ್ರಿ.”

ಹೌದು, ಹೇಳಿದ್ದ. ದಾರಿ ಹತ್ತಿರವೆಂದು ಹೇಳುತ್ತಿದ್ದಾನೆ ಎಂದುಕೊಂಡು, ಕಾರಿಗಾಗಿ ಅವಳೇ ತಂಬ್ರಹಳ್ಳಿಗೆ ತಿರುಗಿಸಿದ್ದಳು.

ಸರ್ಫರಾಜ ಎಲ್ಲವನ್ನೂ ಪಕ್ಕದಲ್ಲೇ ನಿಂತು ಕೇಳಿದ. ತಂಬ್ರಹಳ್ಳಿಯಲ್ಲಿ ಕಾರು ಹತ್ತಿಸಿ ಹೊರಟ ಮೇಲೆ ಎರಡು ಸಲ ಲಾರಿ ನಿಲ್ಲಿಸಿದ್ದನ್ನು ಆಗ ಬಾಯಿಬಿಟ್ಟ. ಹಿಂದಿನಿಂದ ಯಾರೋ ಕ್ಯಾಬಿನ್ನಿನ ತಗಡು ಬಡಿದಂತಾಗಿತ್ತು, ಮೇಲೆ ಕೂತ ಕೂಲಿಯವರು ಇಳಿಯಲು ಬಡಿಯುತ್ತಾರಲ್ಲ ಹಾಗೆ. ಹಗ್ಗ ಸಡಿಲಾಗಿದೆ ಎಂದುಕೊಂಡು ಬಿಗಿದು ಬಂದಿದ್ದ. ಆದರೂ ಕೊಟ್ಟ ಮಾತು ಮಾತು, ಎರಡೂ ಪಾರ್ಟಿಗೆ ಹೂಂ ಅಂದಾಗಿದೆ, ಬಿಲ್ಟಿ ಬರಿ ಎಂದು ಅಕ್ಕನಿಗೆ ಹೇಳಿದ.

“ಗೊತ್ತಿಲ್ಲದ್ದನ್ನ ಹೇರಿಕೊಂಡು ಅಬ್ಬಾ ಹೋದ್ರು,” ಎಂದಳು ಗುಲಫಶಾ. “ನಾವು ಗೊತ್ತಿದ್ದೂ ಹೇರೋದೇನು?”

“ಆಪಾ, ಅರವತ್ತು ಕಿಲೋ.”

“ಕಿಲೋ ಅಲ್ಲಲೇ ಅದು.”

ಅವನು ಮಷಿನ್ನಿನ ಹಗ್ಗ ಬಿಚ್ಚಲು ಲಾರಿ ಹತ್ತಿದ.

ಜೆಸಿಬಿ ಬಂತು. ಸರಪಳಿ ಬಿಗಿದು ಮಷಿನ್ ಎತ್ತಿ, ಕಾಟಾದ ಗೋಡೆಯ ಪಕ್ಕಕ್ಕೆ, ಬಣ್ಣದ ಬಾಯಿ ಗೋಡೆಯ ಕಡೆ ಬರುವಂತೆ ಇಳಿಸಿದರು. ಖಾಲಿ ಲಾರಿ 6,240 ತೂಗಿತು. ಅಂಕಿ ಅಲ್ಲಾಡಲಿಲ್ಲ. ಫಿಯಟ್ಟನ್ನು ಮತ್ತೆ ಹತ್ತಿಸಿ, ಗಾಲಿಗೆ ತುಂಡು ಕೊಟ್ಟು ಕಟ್ಟಿದ ಮೇಲೆ 7,120. ಗುಲಫಶಾ ಕಾರಿಗೆ ಮಾತ್ರ ಬಿಲ್ಟಿ ಬರೆದಳು. ಮಷಿನ್ ಕೊಂಡ ಪಾರ್ಟಿಗೆ ಫೋನ್ ಮಾಡಿ ಲಾರಿ ಬರುವುದಿಲ್ಲ ಎಂದಳು, ಕಾರಣವನ್ನೂ ಹೇಳಿದಳು. ಸಾತಾರಾ ಕಡೆಯ ಕರಾಡದ ಆ ರೈತ ನಕ್ಕು, ತಾನೇ ಬೇರೆ ಲಾರಿ ಕಳಿಸುವೆನೆಂದು ಹಿಂದಿಯಲ್ಲಿ ಹೇಳಿದ.

ಕತ್ತಲಾದ ಮೇಲೆ ಸರ್ಫರಾಜ ಹೊರಟ. ಮರುದಿನ ಮಧ್ಯಾಹ್ನ ಕಾರು ಒಂದು ಗೀರೂ ಇಲ್ಲದೆ ಸಾತಾರಾದಲ್ಲಿ ಇಳಿಯಿತು.

ಮೂರನೆಯ ದಿನ ರೈತನ ಲಾರಿ ಬಂದು ಮಷಿನ್ ಹೇರಿಕೊಂಡಿತು. ಡ್ರೈವರ್‌ಗೆ ಕೊಟ್ರಸ್ವಾಮಿ ಎಲ್ಲವನ್ನೂ ಹೇಳಿದ, ತೂಗಿ ಹೋಗು ಎಂದೂ ಹೇಳಿದ. ಅವನು ನೇರ ರಸ್ತೆಗೆ ತಿರುಗಿಸಿದ, ಆ ಲಾರಿ ಕಾಟಾ ಹತ್ತಲಿಲ್ಲ.