ಒಂದು ಬೆರಳು ಕಡಿಮೆ

ನನ್ನ ಕೆಲಸ ಸೀಟಿಗೆ ಕವರ್ ಹೊಲಿಯುವುದು. ಬಸ್ಸು, ಲಾರಿ, ಕಾರು, ಯಾವುದಾದರೂ ಸರಿ. ಈ ಕೆಲಸಕ್ಕೆ ಒಂದೇ ನಿಯಮ. ಸೀಟಿನ ಅಳತೆಗಿಂತ ಕವರ್ ಒಂದು ಬೆರಳು ಕಡಿಮೆ ಇರಬೇಕು. ಮಂಡಿಯೂರಿ, ಹಲ್ಲು ಕಚ್ಚಿ ಎಳೆದರೆ ಮಾತ್ರ ಕೂರಬೇಕು. ಕವರಿನಲ್ಲಿ ಸುಕ್ಕು ಬಿಟ್ಟವನು ಈ ಕಸುಬು ಬಿಟ್ಟು ಬೇರೆ ಏನಾದರೂ ನೋಡಿಕೊಳ್ಳುವುದು ವಾಸಿ. ಇಪ್ಪತ್ತೆರಡು ವರ್ಷದಿಂದ ನಾನು ಒಂದು ಸುಕ್ಕನ್ನೂ ಬಿಟ್ಟಿಲ್ಲ.

ಗುರುವಾರ ನನ್ನ ಅಕ್ಕ ಬಂದಳು. ವರ್ಕ್‌ಶಾಪಿನ ಹಿಂದೆಯೇ ನಮ್ಮ ಮನೆ, ಎರಡು ಕೋಣೆ. ಅವಳು ಒಳಗೆ ಬಂದವಳೇ ನನ್ನ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ನೋಡಿದಳು. ಮಗಳಿಗೆ ಹದಿಮೂರು. ಹುಟ್ಟಿದಾಗ ಬಡಕಲಾಗಿದ್ದಳೆಂದು ಕಡ್ಡಿ ಎಂದು ಕರೆದೆವು. ಈಗ ಅವಳ ತಲೆ ನನ್ನ ಭುಜ ಮುಟ್ಟುತ್ತದೆ, ಹೆಸರು ಮಾತ್ರ ಕಡ್ಡಿ.

“ಏನೋ ಇದು? ಫ್ರಾಕ್ ಮಂಡಿ ಮೇಲೆ ಹತ್ತಿ ಕೂತಿದೆ. ಬೆಳೆಯೋ ಹುಡುಗಿ ಕಣೋ, ಕಣ್ಣು ಕಾಣಲ್ವಾ ನಿಂಗೆ?”

“ಕಾಣುತ್ತೆ. ಅಂಗಡೀಲಿ ಸಿಗೋದು ಒಂದು ಚಿಕ್ಕ ಮಕ್ಕಳಿಗೆ, ಇಲ್ಲ ಹೆಂಗಸರಿಗೆ. ನಡುವೆ ಇರೋರಿಗೆ ಏನೂ ಇಲ್ಲ. ಅದಕ್ಕೆ ನಾನೇನು ಮಾಡ್ಲಿ?”

“ಅದನ್ನೇ ಹೇಳೋಕೆ ಬಂದೆ. ಹೊಸ ತರಗತಿ ಶುರುವಾಗೋ ಹೊತ್ತಿಗೆ ಅವಳನ್ನ ನಮ್ಮನೆಗೆ ಕಳಿಸು. ನಾನಿದ್ದೀನಿ, ಸೊಸೆ ಇದ್ದಾಳೆ. ಇಲ್ಲೇನಿದೆ? ರೆಕ್ಸಿನ್ ವಾಸನೆ, ನಿನ್ನ ಬಾಯಿ. ನೀನು ಕೂಗಿದ್ರೆ ಮೂರನೇ ಬೀದಿಗೆ ಕೇಳಿಸುತ್ತೆ.”

“ನಾನೆಲ್ಲಿ ಕೂಗ್ತೀನಿ?” ಎಂದು ಕೂಗಿದೆ.

ಅಕ್ಕ ನನ್ನ ಕಡೆ ಕೈ ತೋರಿಸಿದಳು. ನಾನು ಮಗಳನ್ನೇ ಕೇಳಿದೆ. “ನೀನೇನಂತೀಯೇ?”

“ನೀನು ಹೇಳಿದ ಹಾಗೆ ಅಪ್ಪ.”

ನನ್ನ ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು. ಆಗೆಲ್ಲ ಈ ಹುಡುಗಿ ಮಾತಿಗೆ ಮಾತು ಕೊಡುತ್ತಿದ್ದಳು. ಈ ಒಂದು ವರ್ಷದಿಂದ ಏನು ಕೇಳಿದರೂ ಇದೇ. ನೀನು ಹೇಳಿದ ಹಾಗೆ. ಅದನ್ನು ಕೇಳಿದರೆ ನನಗೆ ಎದೆಯಲ್ಲಿ ಮೊಳೆ ಸಿಕ್ಕಿಕೊಂಡ ಹಾಗಾಗುತ್ತದೆ. ಅವಳಿಗೂ ಹೋಗುವ ಮನಸ್ಸಿದೆ, ಬಾಯಿ ಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ.

“ಭಾನುವಾರ ಬಾ,” ಎಂದೆ ಅಕ್ಕನಿಗೆ. “ಅವಳ ಬಟ್ಟೆ ನಾನೇ ಹೊಲೀತೀನಿ. ನೋಡು, ಆಮೇಲೆ ಮಾತಾಡು.”

“ನೀನಾ? ಲಾರಿ ಸೀಟಿಗೆ ಹೊಲಿಯೋನು? ಹುಡುಗಿಗೆ ಸ್ಪಂಜ್ ತುಂಬಬೇಡ ಮಾರಾಯ!” ಬೀದಿ ತಿರುವಿನವರೆಗೂ ನಗುತ್ತಲೇ ಹೋದಳು.

ಅವತ್ತೇ ಬಟ್ಟೆ ಅಂಗಡಿಗೆ ಹೋದೆವು. ಯಾವುದು ಬೇಕು ಎಂದರೆ ಕಡ್ಡಿಯದು ಒಂದೇ ರಾಗ, ಯಾವುದಾದರೂ ಸರಿ. ಅಂಗಡಿಯವನು ಹೊಳೆಯುವ ನೈಲಾನು ಬಿಚ್ಚಿ ಹರಡತೊಡಗಿದ. ಅದು ಪರದೆಗೆ ಸರಿ, ಮಕ್ಕಳಿಗಲ್ಲ ಎಂದು ಅವನಿಗೆ ನಾಲ್ಕು ಮಾತು ಹೇಳಿದೆ. ಅಷ್ಟರಲ್ಲಿ ಕಡ್ಡಿ ಕೆಳಗಿನ ಸಾಲಿನ ಒಂದು ಹತ್ತಿಬಟ್ಟೆಯನ್ನು ಒಂದೇ ಬೆರಳಿನಿಂದ ಮುಟ್ಟಿ, ಯಾರಾದರೂ ನೋಡಿದರೇನೋ ಎಂಬಂತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಕಡು ಹಸಿರು, ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ. ಅದನ್ನೇ ಮೂರು ಮೀಟರ್ ಹರಿಸಿದೆ.

ಹೊಲಿಗೆ ಕಷ್ಟದ್ದೇನಲ್ಲ. ಬಟ್ಟೆ ಮಡಚಿ, ಮುಂದೊಂದು ಹಿಂದೊಂದು, ತೋಳೂ ಅದರಲ್ಲೇ ಸೇರಿದಂತೆ ಕತ್ತರಿಸುವುದು. ದುಂಡು ಕುತ್ತಿಗೆ, ಎರಡು ಪಕ್ಕದ ಹೊಲಿಗೆ, ಕೆಳಗೆ ಮಡಿಕೆ. ಮಿಷನ್ನಿನ ದಪ್ಪ ಸೂಜಿ ತೆಗೆದು ಸಣ್ಣದು ಹಾಕಿದೆ, ನೂಲಿನ ಬಿಗಿ ಸಡಿಲಿಸಿದೆ. ಇಲ್ಲದಿದ್ದರೆ ಆ ಮಿಷನ್ನು ಹತ್ತಿಬಟ್ಟೆಯನ್ನು ಅಗಿದು ಉಗುಳುತ್ತದೆ. ಟೇಪು ಹಿಡಿದು ಅಳತೆ ತೆಗೆದೆ. ಎದೆ ಸುತ್ತ ಮೂವತ್ತು ಇಂಚು. ಕತ್ತರಿ ಹಿಡಿದ ಕೈ ತಾನಾಗಿ ಒಂದು ಬೆರಳು ಒಳಕ್ಕೆ ಹೋಯಿತು. ನಾನು ಯೋಚನೆಯನ್ನೇ ಮಾಡಲಿಲ್ಲ. ಬೆನ್ನಿಗೆ ಸೀಟು ಕವರಿನ ಜಿಪ್ಪು ಹಾಕಿದೆ.

ಶನಿವಾರ ಸಂಜೆ ಹಾಕಿ ನೋಡಿದೆವು.

“ಉಸಿರು ಒಳಗೆ ಎಳ್ಕೋ.” ಎಳೆದುಕೊಂಡಳು. ಜಿಪ್ಪು ಹತ್ತಿಸಿದೆ. ದೂರ ನಿಂತು ನೋಡಿದೆ. ಎಲ್ಲೂ ಒಂದು ಸುಕ್ಕಿಲ್ಲ! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

“ಹೇಗಿದೆ?”

“ಚೆನ್ನಾಗಿದೆ ಅಪ್ಪ.”

“ಎಲ್ಲಾದ್ರೂ ಹಿಡಿಯುತ್ತಾ?”

“ಇಲ್ಲ ಅಪ್ಪ.”

ಭಾನುವಾರ ಬೆಳಿಗ್ಗೆಯೇ ಅದನ್ನು ಹಾಕಿಕೊಂಡು ಸಿದ್ಧಳಾದಳು. ಅಕ್ಕ ಹನ್ನೊಂದಕ್ಕೆ ಬರುವವಳು. ಟೀ ಪುಡಿ ಡಬ್ಬ ಕೊಡು ಎಂದೆ. ಅದು ಮೇಲಿನ ಹಲಗೆಯ ಮೇಲಿರುತ್ತದೆ, ಕಡ್ಡಿ ದಿನಾ ತುದಿಗಾಲಲ್ಲಿ ನಿಂತು ಎಟುಕಿಸಿಕೊಳ್ಳುತ್ತಾಳೆ. ಇವತ್ತು ಸ್ಟೂಲು ಎಳೆದು, ಅದರ ಮೇಲೆ ಹತ್ತಿ ತೆಗೆದಳು. ಚಮಚ ಕೈಜಾರಿ ಬಿತ್ತು. ಬಗ್ಗಲಿಲ್ಲ. ಕಂಬದ ಹಾಗೆ ನೆಟ್ಟಗೆ ಮಂಡಿಯ ಮೇಲೆ ಇಳಿದು ಎತ್ತಿಕೊಂಡಳು. ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತಳು. ಬಿಸಿ ಟೀ ಹೀರುವ ಹಾಗೆ ಉಸಿರನ್ನು ಸ್ವಲ್ಪ ಸ್ವಲ್ಪವೇ ಹೀರುತ್ತಿದ್ದಳು. ಕಂಕುಳ ಹತ್ತಿರ ಚರ್ಮ ಕೆಂಪಗೆ ಗೀರು ಬಿದ್ದಿತ್ತು.

“ಬಿಗಿ ಆಗಿದೆ! ಯಾಕೆ ಹೇಳಲಿಲ್ಲ ನೀನು?” ನನ್ನ ಕೂಗಿಗೆ ಪಾತ್ರೆಗಳು ಅದುರಿರಬೇಕು.

ಅವಳ ಎರಡೂ ಕೈಗಳು ಕಿವಿ ಮುಚ್ಚಿಕೊಳ್ಳಲು ಮೇಲೆದ್ದವು. ಭುಜದವರೆಗೆ ಬಂದವು, ಅಷ್ಟೇ. ಅದಕ್ಕಿಂತ ಮೇಲೆ ನಾನು ಹೊಲಿದ ಬಟ್ಟೆ ಬಿಡಲಿಲ್ಲ. ಕೈಗಳು ಅಲ್ಲೇ ಗಾಳಿಯಲ್ಲಿ ನಿಂತವು.

ಮಗಳ ಮೇಲೆ ನಾನು ಒಂದು ದಿನವೂ ಕೈ ಎತ್ತಿದವನಲ್ಲ. ಅದನ್ನು ದೊಡ್ಡದಾಗಿ ಹೇಳಿಕೊಂಡು ತಿರುಗಿದ್ದೇನೆ. ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಕೂಗುವವನು ಎದುರಿಗಿರುವವರ ಮುಖ ಎಲ್ಲಿ ನೋಡುತ್ತಾನೆ?

ನೆಲದ ಮೇಲೆ ಕೂತೆ. ಆದಷ್ಟು ಮೆಲ್ಲಗೆ ಕೇಳಿದೆ. “ಯಾಕೆ ಹೇಳಲಿಲ್ಲ ಮಗಾ?”

“ಹೇಳಿದ್ರೆ ನೀನು ಕೂಗ್ತೀಯ. ಕೂಗೋವಾಗ ಅತ್ತೆ ಬಂದ್ರೆ? ಅಷ್ಟೇ ಸಾಕು, ಕರ್ಕೊಂಡೇ ಹೋಗ್ತಾರೆ.”

“ನಿಂಗೆ ಹೋಗೋ ಮನಸ್ಸಿಲ್ವಾ?”

“ಇಲ್ಲ. ಒಂದು ಗಂಟೆ ಉಸಿರು ಹಿಡ್ಕೊಂಡಿದ್ರೆ ಅತ್ತೆ ನೋಡ್ಕೊಂಡು ಹೋಗ್ತಾರೆ, ಆಮೇಲೆ ಬಿಚ್ಚಿಡೋಣ ಅಂತಿದ್ದೆ.”

ಜಿಪ್ಪು ಇಳಿಸಿದೆ. ಅವಳು ಒಂದು ದೊಡ್ಡ ಉಸಿರು ತೆಗೆದುಕೊಂಡಳು. ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

ನನ್ನದೊಂದು ಅಂಗಿ ಹಾಕಿಕೊಂಡು ಬಂದಳು. ನಾನು ಬ್ಲೇಡು ಹಿಡಿದು ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ. ಮಿಕ್ಕ ಬಟ್ಟೆಯಲ್ಲಿ ನಾಲ್ಕು ಬೆರಳಗಲದ ಎರಡು ಪಟ್ಟಿ ಸಿಕ್ಕವು. ಅವನ್ನು ಪಕ್ಕಕ್ಕೆ ಸೇರಿಸಿ, ಗುಂಡುಸೂಜಿ ಚುಚ್ಚಿ, ಅಂಗಿಯ ಮೇಲೆಯೇ ಹಾಕಿಸಿದೆ.

“ಈಗ ನೀನು ಗಿರಾಕಿ. ತಪ್ಪು ಹೇಳದಿದ್ರೆ ನಾನು ಹೊಲಿಯೋದೇ ಇಲ್ಲ. ಕೈ ಎತ್ತು. ಬಗ್ಗು. ಕುಕ್ಕರುಗಾಲಲ್ಲಿ ಕೂರು. ಎಲ್ಲಿ ಹಿಡಿಯುತ್ತೆ?”

“ಇಲ್ಲಿ... ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟು?”

“ತುಂಬಾ. ಕುತ್ತಿಗೇನೂ ಹಿಡಿಯುತ್ತೆ. ಜಿಪ್ಪು ಬೆನ್ನು ಕೆರೆಯುತ್ತೆ. ಜೇಬು ಬೇರೆ ಇಲ್ಲ. ನೀನು ಸೀಟಿನ ಹಿಂದೆ ಕೂಡ ಜೇಬು ಇಡ್ತೀಯ, ನಂಗ್ಯಾಕಿಲ್ಲ?”

ಸಿಟ್ಟು ಗಂಟಲಿಗೆ ಬಂತು. ಅದನ್ನು ಉಗುಳಿನ ಜೊತೆ ನುಂಗಿದೆ. ರುಚಿಯಾಗೇನೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಅರ್ಧಂಬರ್ಧ ಬಟ್ಟೆ, ಸುತ್ತಲೂ ಸೂಜಿ ಚುಚ್ಚಿಸಿಕೊಂಡು ನಿಂತ ಹುಡುಗಿ, ನೆಲದಲ್ಲಿ ನಾನು. “ಆಹಾ! ಇದನ್ನ ನೋಡೋಕೆ ಎರಡು ಬಸ್ಸು ಬದಲಾಯಿಸಿ ಬಂದೆನಾ?”

ನಾನು ಗೆರೆ ಎಳೆಯಲು ಸೀಮೆಸುಣ್ಣ ಊರಿದೆ.

“ಅಯ್ಯೋ ಅಪ್ಪ, ಅಲ್ಲಲ್ಲ!” ಕಡ್ಡಿ ಕಾಲು ನೆಲಕ್ಕೆ ಬಡಿದಳು. “ಇನ್ನೂ ಒಂದಿಂಚು ಬಿಡು ಅಂತ ಎಷ್ಟು ಸಲ ಹೇಳ್ಲಿ!”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಮುಖ ನೋಡಿದಳು, ಪಟಾಕಿಗೆ ಕಿಡಿ ತಾಕಿಸಿ ದೂರ ನಿಂತವರ ಹಾಗೆ.

“ಆಯ್ತು,” ಎಂದೆ. ಒಂದಿಂಚು ಬಿಟ್ಟು ಗೆರೆ ಎಳೆದೆ.

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ಕೂತಳು. ಬಟ್ಟೆಯ ಅಂಚು ಹಿಡಿದು ತಿರುವಿ ನೋಡಿದಳು. “ಕಂಕುಳಿಗೆ ಒಂದು ಚೌಕದ ತುಂಡು ಇಡೋ, ಆಗ ಕೈ ಸಲೀಸಾಗಿ ಏಳುತ್ತೆ. ಅಷ್ಟೂ ಗೊತ್ತಿಲ್ಲ, ಹೊಲೀತೀನಿ ಅಂತಾನೆ.” ಆಮೇಲೆ ತಲೆ ಎತ್ತಿ ಹುಡುಗಿಯನ್ನು ಕೇಳಿದಳು. “ಏನೇ, ನಮ್ಮನೆಗೆ ಬರ್ತೀಯಾ ಇಲ್ವಾ? ನಿಮ್ಮಪ್ಪನ ಮುಖ ನೋಡಬೇಡ, ನನ್ನ ನೋಡಿ ಹೇಳು.”

“ಬರಲ್ಲ ಅತ್ತೆ.”

“ಯಾಕೆ, ನಿಮ್ಮಪ್ಪ ಕೂಗೋದು ಅಷ್ಟು ಇಷ್ಟಾನಾ?”

“ಅದು ಇಷ್ಟ ಇಲ್ಲ. ಅಪ್ಪ ಇಷ್ಟ.”

ನಾನು ನೆಲದ ಮೇಲೆ ಬಿದ್ದಿಲ್ಲದ ಸೂಜಿಯನ್ನು ಹುಡುಕತೊಡಗಿದೆ.

“ಸರಿ,” ಎಂದಳು ಅಕ್ಕ. “ತಿಂಗಳಿಗೆ ಎರಡು ಭಾನುವಾರ ನಾನೇ ಬರ್ತೀನಿ. ಇವನಿಗೆ ಹೇಳೋಕಾಗದ್ದು ಹುಡುಗಿಗೆ ಬೇಕಾದಷ್ಟು ಇರುತ್ತೆ. ಆಗ ನೀನು ವರ್ಕ್‌ಶಾಪಿಗೆ ಹೋಗಿ ಕೂರಬೇಕು, ತಿಳೀತಾ?”

ತಿಳಿಯಿತು ಎಂದೆ.

ಮೂರು ಗಂಟೆಗೆ ಬಟ್ಟೆ ಹೆಚ್ಚುಕಡಿಮೆ ಮುಗಿಯಿತು. ಪಟ್ಟಿ ಸೇರಿಸಿದ್ದು ಕಾಣುತ್ತದೆ, ಚುಕ್ಕಿಗಳ ಸಾಲು ಕೂಡುವುದಿಲ್ಲ, ಸೊಂಟದ ಹತ್ತಿರ ಸುಕ್ಕೋ ಸುಕ್ಕು. ಉಳಿದಿದ್ದು ಕೆಳಗಿನ ಮಡಿಕೆ ಮಾತ್ರ. ಮಂಡಿಯ ಕೆಳಗೆ ಎಷ್ಟು ಉದ್ದ ಎಂಬ ಮಾತಿಗೆ ನನಗೂ ಕಡ್ಡಿಗೂ ಹತ್ತಿಕೊಂಡಿತು.

“ಅಷ್ಟುದ್ದ ಇಟ್ರೆ ಸೈಕಲ್ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ ಕಣೇ!” ಎಂದೆ. ದನಿ ಸೂರಿಗೆ ಮುಟ್ಟಿತ್ತು.

ಕಡ್ಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಕೂಗಬೇಡ ಅಪ್ಪ. ಇಲ್ಲೇ ಇದ್ದೀನಲ್ಲ, ಕೇಳಿಸುತ್ತೆ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ದನಿ ಇಳಿಸಿದೆ. ಸೈಕಲ್ಲಿನ ಮಾತನ್ನು ಮೊದಲಿಂದ ಇನ್ನೊಂದು ಸಲ ಹೇಳಿದೆ. ಅವಳು ಕೇಳಿಸಿಕೊಂಡಳು, ಯೋಚಿಸಿದಳು, ಒಪ್ಪಲಿಲ್ಲ.