ಕೋಟು ಹಾಸಿದ ಸೀಟು

"ಮಿಸ್ ಕೊಸ್ಕಿ, ಇವತ್ತೊಂದಿನ ಆ ಕೋಟು ತೆಗೆದುಬಿಡಿ. ಹೊರಗೆ ಜನ ನಿಂತೇ ಇದ್ದಾರೆ," ಎಂದು ಡೇಲ್ ಬಗ್ಗಿ ಬೇಡಿಕೊಂಡ.

ಡೇಲ್ ಪೋಲಾರ್ ಚಿತ್ರಮಂದಿರದ ಮ್ಯಾನೇಜರು, ಮೆತ್ತನೆಯ ಮನುಷ್ಯ. ಹಳೆಯ ಸಿನಿಮಾಗಳನ್ನಷ್ಟೇ ತೋರಿಸುವ ಅವನ ಮಂದಿರಕ್ಕೆ ತಪ್ಪದೆ ಬರುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ಐಲಿ ಕೊಸ್ಕಿ ಎಲ್ಲರಿಗಿಂತ ಹಳಬಳು. ಸೀಟಿನ ಮೇಲೆ ಕೋಟು ಇದ್ದರೆ ಅಲ್ಲಿ ಯಾರೋ ಇದ್ದಾರೆಂದೇ ಲೆಕ್ಕ, ಮುಟ್ಟುವ ಹಾಗಿಲ್ಲ. ಪೋಲಾರಿಗೆ ಬರುವವರೆಲ್ಲ ಒಪ್ಪಿಕೊಂಡ ಮಾತು ಅದು. ಆದರೆ ಇವತ್ತು ಊರಿನ ಚಿತ್ರೋತ್ಸವದ ಕೊನೆಯ ಮಧ್ಯಾಹ್ನ. ಡುಲುತ್ ಊರಿನ ಜನ ತಮ್ಮ ಅಟ್ಟಗಳಲ್ಲಿ ಕೊಳೆಯುತ್ತಿದ್ದ ಮನೆ ರೀಲುಗಳನ್ನು ತಂದುಕೊಟ್ಟಿದ್ದರು. ಯಾವುದರಲ್ಲಿ ಏನಿದೆಯೆಂದು ಪರದೆಗೆ ಬರುವ ತನಕ ಯಾರಿಗೂ ಗೊತ್ತಿಲ್ಲ. ಸತ್ತುಹೋದ ಅಜ್ಜಂದಿರ ಮುಖ ಕಂಡೀತೆಂದು ಊರಿಗೆ ಊರೇ ಬಂದು ತುಂಬಿತ್ತು.

"ಇದೊಂದು ರೀಲು ಮುಗೀಲಿ ಡೇಲ್."

"ಪ್ರತಿ ವರ್ಷಾನೂ ಹೀಗೇ ಅಂತೀರಿ," ಎನ್ನುತ್ತ ಅವನು ಹೋದ.

ಎಡಗಡೆ ಕೂತಿದ್ದ ಗೆಳತಿ ಬರ್ನಿಸ್ ಸುಮ್ಮನಿರುವ ಪೈಕಿಯಲ್ಲ. "ಅರವತ್ತು ವರ್ಷ ಆಯ್ತಲ್ಲೇ! ಕಟ್ಕೊಂಡ ಗಂಡನಿಗೂ ಯಾರೂ ಇಷ್ಟು ಕಾಯಲ್ಲ. ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿರ್ಲಿಲ್ವಾ?"

"ಪಾಪ್‌ಕಾರ್ನ್ ತಿನ್ನು. ಬಾಯಿಗೆ ಕೆಲಸ ಇರುತ್ತೆ."

ಐಲಿಗೆ ಆಗ ಒಂಬತ್ತು, ಅಣ್ಣ ರೇನೊನಿಗೆ ಹದಿಮೂರು. ಇದ್ದ ಚಿಲ್ಲರೆಗೆ ಇದೇ ಪೋಲಾರಿನ ಒಂದೇ ಟಿಕೆಟ್ ಬಂದಿತ್ತು. "ನೀನು ಒಳಗೆ ಹೋಗಿ ನನಗೂ ಸೀಟು ಹಿಡಿ, ಕೋಟು ಹಾಸಿಡು. ನಾನು ಪಕ್ಕದ ಬಾಗಿಲಿಂದ ಬಂದೆ," ಎಂದಿದ್ದ. ಅದು ಅವನೇ ಕಂಡುಹಿಡಿದುಕೊಂಡಿದ್ದ ಕಳ್ಳಾಟ. ಹಿಂದಿನ ಆಟ ಬಿಟ್ಟು ಜನ ಹೊರಗೆ ಬರುವಾಗ ಮುಖವನ್ನು ಬೀದಿಯ ಕಡೆಗೇ ಇಟ್ಟುಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಒಳಗೆ ಸೇರುವುದು. ಮುಖ ಹೊರಗಡೆಗಿದ್ದವರೆಲ್ಲ ಹೋಗುವವರೇ ಎಂದು ಬಾಗಿಲ ಕಾವಲಿನವನ ನಂಬಿಕೆ. ತಂಗಿಯೊಬ್ಬಳನ್ನು ಬಿಟ್ಟು ರೇನೊ ಇದನ್ನು ಯಾರಿಗೂ ಹೇಳಿರಲಿಲ್ಲ.

ಅವತ್ತು ಅವಳು ಕೋಟು ಹಾಸಿ ಕಾದಳು. ಮಂದಿರದಲ್ಲಿ ಚಳಿ ಹೆಚ್ಚಾದಾಗ ಇಬ್ಬರೂ ಅದೇ ಕೋಟನ್ನು ಅರ್ಧರ್ಧ ಹೊದ್ದುಕೊಳ್ಳುವುದು ಅವರ ರೂಢಿ. ಆಟ ಮುಗಿದರೂ ರೇನೊ ಬರಲಿಲ್ಲ. ಅಂಥ ಹುಡುಗ ಒಳಗೆ ಕಾಲೇ ಇಟ್ಟಿಲ್ಲವೆಂದು ಕಾವಲಿನವ ಆಣೆ ಹಾಕಿದ. ಬಂದರಿನಲ್ಲಿ ಅದಿರಿನ ಹಡಗು ಹತ್ತಿ ಓಡಿಹೋಗಿರಬೇಕು ಎಂದು ಪೊಲೀಸರು ಕೈತೊಳೆದುಕೊಂಡರು. ಅಮ್ಮನಂತೂ "ನಾವು ಅವನಿಗೆ ಬೇಡವಾದ್ವು" ಎನ್ನುತ್ತಲೇ ಕಣ್ಣು ಮುಚ್ಚಿದಳು. "ಅಣ್ಣ ನನ್ನನ್ನ ಬಿಟ್ಟು ಹೋಗಿಲ್ಲ, ಬರ್ತೀನಿ ಅಂದಿದ್ದ," ಎಂಬ ಐಲಿಯ ಮಾತನ್ನು ಯಾರು ಕೇಳಬೇಕು? ಅವಳ ಹತ್ತಿರ ಸಾಕ್ಷಿ ಅಂತ ಇದ್ದದ್ದು ಒಂದು ಖಾಲಿ ಸೀಟು.

ದೀಪ ಆರಿತು. ಹಿಂದೊಮ್ಮೆ ಪಕ್ಕದ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದವನೊಬ್ಬ ತನ್ನ ಬಾಗಿಲಲ್ಲೇ ನಿಂತು ತೆಗೆದ ರೀಲಂತೆ ಅದು. ಸದ್ದಿಲ್ಲದ ಕಪ್ಪುಬಿಳುಪು ಚಿತ್ರ. ಪೋಲಾರಿನ ಪಕ್ಕದ ಬಾಗಿಲು, ಅದರ ಮುಂದೆ ಜನ. ಆದರೆ ಜನರೆಲ್ಲ ಹಿಮ್ಮುಖವಾಗಿ ನಡೆಯುತ್ತಿದ್ದರು! ಟೋಪಿಯ ಗಂಡಸರು, ಮಕ್ಕಳ ಕೈಹಿಡಿದ ಹೆಂಗಸರು ಎಲ್ಲ ಬೆನ್ನು ಮುಂದು ಮಾಡಿಕೊಂಡು ಬಾಗಿಲೊಳಗೆ ಸೇರಿಹೋಗುತ್ತಿದ್ದರು. ನೋಡುವವರು ಗೊಳ್ಳೆಂದು ನಕ್ಕರು.

ಆ ಬಾಗಿಲ ಕತ್ತಲೆಯಿಂದ ಒಬ್ಬ ಹುಡುಗ ನೆಟ್ಟಗೆ ನಡೆದು ಬಂದ. ತಲೆಯ ಮೇಲೆ ಕುಚ್ಚಿನ ಉಣ್ಣೆ ಟೋಪಿ, ಹುಡುಗಿಯರದು. ಅವತ್ತು ಗಾಳಿ ಹೆಚ್ಚೆಂದು ಐಲಿಯ ಟೋಪಿಯನ್ನೇ ಕಿತ್ತುಕೊಂಡು ಹಾಕಿಕೊಂಡಿದ್ದ, ಅವಳು ಇಡೀ ದಾರಿ ಅಣಕಿಸಿದ್ದಳು.

"ರೇನೊ," ಎಂದಳು ಐಲಿ.

ಬರ್ನಿಸ್ ಅವಳ ಕೈ ಹಿಡಿದುಕೊಂಡಳು. "ಅವನೇನೇ? ಅಯ್ಯೋ ದೇವರೇ. ನೋಡು, ಎಲ್ರೂ ಒಳಗೆ ಹೋಗ್ತಿದ್ರೆ ಅವನೊಬ್ಬ ಹೊರಗೆ ಬರ್ತಿದಾನೆ. ಬಿಟ್ಟುಹೋದ ಕಣೇ. ಇನ್ನಾದ್ರೂ ನಂಬು."

ಹುಡುಗ ನಗುತ್ತ ಬೀದಿಗೆ ಇಳಿದು ಪರದೆಯ ಅಂಚಿನಲ್ಲಿ ಮರೆಯಾದ. ಹೊರಗೆ ಬಂದಿದ್ದ, ನಗ್ತಾ ಹೋಗಿದ್ದ. ಅಮ್ಮ ಹೇಳಿದ್ದೇ ಸರಿ, ನಾನೇ ಹುಚ್ಚಿ, ಎಂದುಕೊಂಡಳು ಐಲಿ. ಅವಳು ಬಲಗಡೆಯ ಸೀಟಿನಿಂದ ಕೋಟನ್ನು ಎಳೆದು ಮಡಿಲಲ್ಲಿ ಹಾಕಿಕೊಂಡಳು, ಬಾಗಿಲಲ್ಲಿ ನಿಂತಿದ್ದ ಡೇಲ್‌ಗೆ ಕೈಯೆತ್ತಿ ಸನ್ನೆ ಮಾಡಿದಳು. ಮಡಚಿಕೊಂಡಿದ್ದ ಖಾಲಿ ಸೀಟನ್ನು ನೋಡಲಾರದೆ ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಮೇಲಿನ ಪ್ರೊಜೆಕ್ಟರ್ ಕೋಣೆಯಿಂದ ಗಸ್ ಕೂಗಿದ: "ತಪ್ಪಾಯ್ತು ಮಾರಾಯ್ರೇ! ರೀಲು ಬಾಲದ ಕಡೆಯಿಂದ ಸುತ್ತಿತ್ತು, ನೋಡ್ದೇ ಹಾಗೇ ಹಾಕ್ಬಿಟ್ಟೆ. ಇಡೀ ಚಿತ್ರ ಉಲ್ಟಾ ಓಡಿದೆ. ತಿರುಗಿಸಿ ಹಾಕ್ತೀನಿ, ಇರಿ."

"ಕಣ್ಣಿಗೆ ಕನ್ನಡಕ ಹಾಕ್ಕೊಳ್ಳೋ ಗಸ್!" ಎಂದು ಯಾರೋ ಕಿಚಾಯಿಸಿದರು.

ಉಲ್ಟಾ. ಐಲಿ ಕುರ್ಚಿಯ ತುದಿಗೆ ಸರಿದಳು. ಉಲ್ಟಾ ಅಂದರೆ, ಒಳಗೆ ಹೋದವರೆಲ್ಲ ಹೊರಗೆ ಬಂದವರು. ಹಾಗಾದರೆ ಹೊರಗೆ ಬಂದವನು?

ರೀಲು ಮತ್ತೆ ಓಡಿತು. ಈಗ ಜನ ಸರಿಯಾಗಿ ಹೊರಗೆ ಬರುತ್ತಿದ್ದರು, ಕಣ್ಣು ಕಿರಿದು ಮಾಡಿಕೊಂಡು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. ಅವರ ನಡುವೆ ಕುಚ್ಚಿನ ಟೋಪಿಯ ಹುಡುಗ ಪರದೆಯ ಅಂಚಿನಿಂದ ಬಂದ. ಮುಖ ಬೀದಿಗೆ, ಬೆನ್ನು ಬಾಗಿಲಿಗೆ. ನಗು ತಡೆದುಕೊಳ್ಳುತ್ತ ಹಿಂದೆ ಹಿಂದೆ ಹೆಜ್ಜೆ ಹಾಕಿದ. ಕಾವಲಿನವನು ಅತ್ತ ನೋಡಲೇ ಇಲ್ಲ.

"ಒಳಗೆ ಬಂದ," ಐಲಿ ಗಟ್ಟಿಯಾಗಿಯೇ ಅಂದಳು. "ಬರ್ನಿಸ್, ನನ್ನಣ್ಣ ಒಳಗೇ ಬಂದ!"

ಬರ್ನಿಸ್ ಪಾಪ್‌ಕಾರ್ನ್ ಪೊಟ್ಟಣ ಕೆಳಗಿಟ್ಟು ಪರದೆಯತ್ತ ಬಾಗಿದಳು.

ಹೊಸಿಲಲ್ಲಿ ರೇನೊ ಒಂದು ಗಳಿಗೆ ನಿಂತ. ಮೊದಲ ಸಲ ರೀಲು ಓಡಿದಾಗ ಅವನು ಹಾಗೆ ನಿಂತಿರಲಿಲ್ಲ. ಪರದೆಯೊಳಗಿನಿಂದ ಸಾಲುಗಳ ಮೇಲೆ ಕಣ್ಣಾಡಿಸಿದ, ತುಂಬಿದ ಮಂದಿರದಲ್ಲಿ ತನ್ನ ಸೀಟು ಹುಡುಕುವವನ ಹಾಗೆ. ಆಮೇಲೆ ತುಟಿ ಅಲ್ಲಾಡಿತು: "ಬಂದೆ." ಒಂದು ಹೆಜ್ಜೆ ಹಿಂದಿಟ್ಟ. ಬಾಗಿಲು ಮುಚ್ಚಿಕೊಂಡಿತು, ರೀಲು ಮುಗಿದು ಪರದೆ ಬೆಳ್ಳಗಾಯಿತು.

ಪಕ್ಕದ ಬಾಗಿಲಿನ ಕಡೆಯಿಂದ ತಣ್ಣನೆ ಗಾಳಿ ಬೀಸಿ ಐಲಿಯ ಕಾಲಿಗೆ ತಾಗಿತು. ಬಲಗಡೆಯ ಸೀಟಿನ ಸ್ಪ್ರಿಂಗು ಕಿರ್ರೆಂದು ಸದ್ದು ಮಾಡಿತು. ಯಾರಾದರೂ ಕೂತಾಗ ಪೋಲಾರಿನ ಸೀಟುಗಳೆಲ್ಲ ಮಾಡುವ ಸದ್ದೇ ಅದು. ಐಲಿ ತಿರುಗಲಿಲ್ಲ. ಅವಳಿಗೆ ತಿರುಗಲು ಭಯ, ತಿರುಗದೆ ಇರಲು ಅದಕ್ಕಿಂತ ಭಯ.

ಡೇಲ್ ಒಬ್ಬ ಹೆಂಗಸನ್ನು ಕರೆದುಕೊಂಡು ಸಾಲಿನ ತುದಿಗೆ ಬಂದ. "ಬನ್ನಿ, ಇಲ್ಲೊಂದು ಸೀಟು ಖಾಲಿಯಾಗಿದೆ," ಎನ್ನುತ್ತ ಟಾರ್ಚು ಬಿಟ್ಟವನು ತಕ್ಷಣ ಬೆಳಕನ್ನು ನೆಲಕ್ಕೆ ಇಳಿಸಿದ. "ಅಯ್ಯೋ, ಕ್ಷಮಿಸಪ್ಪಾ. ಆಗಲೇ ಕೂತಿದ್ದೀಯ ಅಂತ ಗೊತ್ತಾಗ್ಲಿಲ್ಲ."

ಅವರಿಬ್ಬರೂ ಹಿಂದಕ್ಕೆ ಹೋದರು. ಮುಂದಿನ ರೀಲು ಶುರುವಾಯಿತು, ಯಾರದೋ ಮದುವೆಯದು. ಐಲಿ ಪರದೆಯಿಂದ ಕಣ್ಣು ತೆಗೆಯದೆ ಮಡಿಲಲ್ಲಿದ್ದ ಕೋಟನ್ನು ಬಿಡಿಸಿದಳು. ಅರ್ಧ ತನ್ನ ಮೊಣಕಾಲ ಮೇಲೆ ಹೊದ್ದು, ಉಳಿದರ್ಧವನ್ನು ಬಲಗಡೆಗೆ ಸರಿಸಿದಳು. ಅದು ಕೆಳಗೆ ಜಾರಲಿಲ್ಲ.